ಕೊಡಚಾದ್ರಿ ಹತ್ತಿದ ಕಾಲು, ಹಿಮಾಲಯದ ಗಾಳಿ

ಮಳೆ ನಿಂತರೆ ಕೊಡಚಾದ್ರಿ, ರಜೆ ಸಿಕ್ಕರೆ ಕುದುರೆಮುಖ. ಶಿವಮೊಗ್ಗದ ಕಡೆಯವರಿಗೆ ಬೆಟ್ಟ ಹತ್ತುವುದು ಹೊಸದಲ್ಲ. ಹಾಗಾಗಿ ಹಿಮಾಲಯಕ್ಕೆ ಹೊರಟಾಗಲೂ ಕಾಲಿನ ಬಲವನ್ನೇ ನಂಬುತ್ತೇವೆ. ಆದರೆ ಕೊಡಚಾದ್ರಿ ಇರುವುದು 1,343 ಮೀಟರ್. ರಾಜ್ಯಕ್ಕೇ ಎತ್ತರವಾದ ಮುಳ್ಳಯ್ಯನಗಿರಿಯೂ 2,000 ಮೀಟರ್ ಮುಟ್ಟುವುದಿಲ್ಲ. ಎತ್ತರದಲ್ಲಿ ಆಮ್ಲಜನಕ ಸಾಲದೆ ಬರುವ ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್ ದಾಟಿದ ಮೇಲೆ. ಊರಿನ ಬೆಟ್ಟಗಳು ನಮ್ಮನ್ನು ಅಷ್ಟು ಎತ್ತರಕ್ಕೆ ಕರೆದೊಯ್ದೇ ಇಲ್ಲ.

ಮೇಲೆ ಹೋದಷ್ಟೂ ಗಾಳಿಯ ಒತ್ತಡ ಇಳಿಯುತ್ತದೆ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ, ಸಮುದ್ರ ತೀರದಲ್ಲಿ ಸಿಗುವುದರ ಮೂರನೇ ಎರಡು ಭಾಗದಷ್ಟೇ. ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ದಿನಾ ಓಡುವ ಗಟ್ಟಿ ಹುಡುಗನಿಗೂ ಇದರಿಂದ ವಿನಾಯಿತಿ ಇಲ್ಲ.

ಮೊದಲ ಕೆಲಸ, ಹೊರಡುವ ಮುಂಚೆ ವೇಳಾಪಟ್ಟಿ ನೋಡುವುದು. ಹಗಲು ಎಷ್ಟು ಮೇಲೆ ಹೋಗುತ್ತೀರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದು ಮುಖ್ಯ. 3,000 ಮೀಟರ್ ಆದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು. ರಜೆ ಸಾಲದು ಅಂತ ಈ ದಿನವನ್ನು ಕತ್ತರಿಸುವ ಚಾರಣ ನನಗೆ ಬೇಡವೇ ಬೇಡ.

ಅಸಿಟಜೋಲಮೈಡ್ ಮಾತ್ರೆ ಹೊಂದಿಕೊಳ್ಳಲು ನೆರವಾಗುತ್ತದೆ. ಸಾಮಾನ್ಯವಾಗಿ ಹತ್ತುವ ಹಿಂದಿನ ದಿನವೇ ಶುರುಮಾಡುತ್ತಾರೆ. ಆದರೆ ಗೆಳೆಯರು ಕೊಟ್ಟರು ಅಂತ ಸುಮ್ನೆ ನುಂಗಬೇಡಿ, ಡಾಕ್ಟರನ್ನು ಕೇಳಿ. ಸಲ್ಫಾ ಔಷಧಿಗೆ ಅಲರ್ಜಿ ಇದ್ದರೆ ಅದನ್ನೂ ಹೇಳಿ.

ಅಲ್ಲಿಗೆ ಹೋದ ಮೇಲೆ ನಿಧಾನ ನಡೆಯಿರಿ. ನೀರು ಕುಡಿಯಿರಿ, ಊಟ ಬಿಡಬೇಡಿ. ಮದ್ಯ, ನಿದ್ದೆ ಮಾತ್ರೆ ಬೇಡ.

ತಲೆನೋವು, ವಾಕರಿಕೆ, ಊಟ ಸೇರದಿರುವುದು, ತಲೆಸುತ್ತು: ಇವು ತಲುಪಿದ ಕೆಲವು ಗಂಟೆಗಳಲ್ಲಿ ಬರಬಹುದು. ಲೇಹ್‌ಗೆ ವಿಮಾನದಲ್ಲಿ ಇಳಿದ ಸಂಜೆ ನನಗೂ ತಲೆ ಸಿಡಿಯುತ್ತಿತ್ತು. ಕಾಫಿ ಕುಡಿದಿಲ್ಲ, ಅದಕ್ಕೇ ಅಂದುಕೊಂಡು ಯಾರಿಗೂ ಹೇಳಲಿಲ್ಲ. ರಾತ್ರಿ ವಾಂತಿ ಆಯಿತು. ಮಾರನೇ ದಿನ ಅಲುಗಾಡದೆ ಮಲಗಿದ ಮೇಲೆ ಸರಿಹೋಯಿತು. ಎತ್ತರದಲ್ಲಿ ಬಂದ ತಲೆನೋವನ್ನು ಎತ್ತರದ್ದೇ ಅಂತ ತಿಳಿಯಿರಿ, ಜೊತೆಯವರಿಗೆ ಹೇಳಿ. ಅದು ಹೋಗುವ ತನಕ ಒಂದು ಹೆಜ್ಜೆಯೂ ಮೇಲೆ ಬೇಡ.

ಇನ್ನು ಕೆಲವು ಲಕ್ಷಣ ಕಂಡರೆ ಕಾಯಲೇಬಾರದು. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಮಾತು ತಡವರಿಸಿದರೆ, ನಡಿಗೆ ಓಲಾಡಿದರೆ ಮಿದುಳು ಊದಿಕೊಂಡಿರಬಹುದು. ಅನುಮಾನ ಬಂದರೆ ಮುಂದಿನ ಕಾಲಿನ ಹಿಮ್ಮಡಿ ಹಿಂದಿನ ಕಾಲಿನ ಬೆರಳಿಗೆ ತಾಗುವಂತೆ ನೆಟ್ಟಗೆ ನಡೆಸಿ ನೋಡಿ. ಹಾಗೆ ನಡೆಯಲು ಆಗದಿದ್ದರೆ, ಅಥವಾ ಮೇಲೆ ಹೇಳಿದ ಯಾವ ಲಕ್ಷಣ ಇದ್ದರೂ, ಆಗಲೇ ಕೆಳಗಿಳಿಸಿ, ಆಮ್ಲಜನಕ ಇದ್ದರೆ ಕೊಡಿ. ಬೆಳಗಾಗಲಿ ಅನ್ನಬೇಡಿ. ಒಬ್ಬರನ್ನೇ ಕಳಿಸಲೂಬೇಡಿ, ದಾರಿ ಬಲ್ಲವರೊಬ್ಬರು ಜೊತೆಗೆ ಇಳಿಯಲಿ.