ಪ್ರಬಂಧಕ್ಕೆ ಹೊಸ ಪದ ಬೇಕಾ? ಕ್ರಿಯಾಪದದಿಂದ ಶುರು ಮಾಡಿ

ಮಕ್ಕಳ ಪ್ರಬಂಧ ತಿದ್ದಲು ಕೂತಾಗ ನಾನು ಮೊದಲು ಹುಡುಕುವುದು ಕಾಗುಣಿತದ ತಪ್ಪನ್ನಲ್ಲ. ‘ತುಂಬಾ’, ‘ಚೆನ್ನಾಗಿ’, ‘ಹೇಳಿದ’, ‘ಹೋದ’ ಎಲ್ಲೆಲ್ಲಿ ಬಂದಿವೆಯೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕುತ್ತೇನೆ. ಪುಟದ ತುಂಬ ಸುತ್ತುಗಳಾದರೆ ಬರೆದವರಿಗೇ ಗೊತ್ತಾಗುತ್ತದೆ. ನಾನು ಬೇರೆ ಹೇಳಬೇಕಾಗಿಲ್ಲ. ನಿಮ್ಮ ಬರಹಕ್ಕೂ ಹೀಗೆ ಮಾಡಿ ನೋಡಿ.

ಆಮೇಲೆ ಕ್ರಿಯಾಪದಕ್ಕೆ ಕೈ ಹಾಕಿ. ಹೆಚ್ಚಿನವರು ವಿಶೇಷಣ ಸೇರಿಸಲು ಹೊರಡುತ್ತಾರೆ. ಆದರೆ ವಾಕ್ಯಕ್ಕೆ ಜೀವ ಬರುವುದು ಕ್ರಿಯಾಪದದಿಂದಲೇ. ‘ಅವನು ಕೋಪದಿಂದ ಹೇಳಿದ’ ಅನ್ನುವ ಬದಲು ‘ಗದರಿದ’ ಎಂದು ಬರೆಯಿರಿ, ಕೋಪ ಅದರೊಳಗೇ ಇದೆ. ಗೊಣಗಿದ, ಪಿಸುಗುಟ್ಟಿದ, ತೊದಲಿದ, ಅಬ್ಬರಿಸಿದ: ಒಂದೊಂದರ ದನಿಯೂ ಬೇರೆ. ‘ಹೋದ’ ಎಂದು ಬರೆದಿದ್ದರೆ, ಹೇಗೆ ಹೋದ ಎಂದು ಕೇಳಿಕೊಳ್ಳಿ. ಕುಂಟುತ್ತಾ? ದಾಪುಗಾಲು ಹಾಕುತ್ತಾ? ಯಾರಿಗೂ ಕಾಣದಂತೆ ಜಾರಿಕೊಂಡನಾ? ಆ ಉತ್ತರದಲ್ಲೇ ನಿಮಗೆ ಬೇಕಾದ ಪದ ಇರುತ್ತದೆ.

ಸದ್ದಿನ ಪದಗಳಂತೂ ಕನ್ನಡದಲ್ಲಿ ರಾಶಿ ರಾಶಿ. ವ್ಯಾಕರಣದ ಪಾಠದಲ್ಲಿ ಅನುಕರಣಾವ್ಯಯ ಎಂದು ಬಾಯಿಪಾಠ ಮಾಡಿಸುತ್ತೇವೆ, ಪ್ರಬಂಧ ಬರೆಯುವಾಗ ಮಕ್ಕಳಿಗೆ ಅದರ ನೆನಪೇ ಬರುವುದಿಲ್ಲ. ನನಗೆ ನಿಜವಾಗಿಯೂ ಬೇಸರವಾಗುವುದು ಇಲ್ಲೇ. ‘ತುಂಬಾ ಮಳೆ ಬಂತು’ ಎಂದರೆ ಏನೂ ಕಾಣುವುದಿಲ್ಲ. ಮಳೆ ಧೋ ಎಂದು ಸುರಿಯಬಹುದು, ಜಿಟಿಜಿಟಿ ಹಿಡಿದುಕೊಳ್ಳಬಹುದು, ಪಟಪಟ ನಾಲ್ಕು ಹನಿ ಉದುರಿಸಿ ನಿಂತೇ ಹೋಗಬಹುದು. ಮೂರೂ ಬೇರೆ ಬೇರೆ ಮಳೆ, ಅಲ್ವಾ? ಆದರೆ ಸಾಲಿಗೊಂದು ಬೇಡ, ಓದುವವರಿಗೆ ಗದ್ದಲವಾಗುತ್ತದೆ.

ಸಮಾನಾರ್ಥಕ ಪದವನ್ನು ನಿಘಂಟಿನಿಂದ ಸುಮ್ನೆ ಎತ್ತಿಕೊಳ್ಳಬೇಡಿ. ನೀರು, ಜಲ ಎರಡಕ್ಕೂ ಅರ್ಥ ಒಂದೇ. ಆದರೂ ‘ಬಾಯಾರಿಕೆಯಾಗಿ ಜಲ ಕುಡಿದೆ’ ಎಂದರೆ ಕಿವಿಗೆ ಒಗ್ಗುವುದಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಗ್ರಂಥಾಲಯದಲ್ಲಿ ಸಿಕ್ಕರೆ ತೆರೆದು ನೋಡಿ. ಅರ್ಥದ ಜೊತೆಗೆ ಕೃತಿಗಳಿಂದ ತೆಗೆದ ಪ್ರಯೋಗಗಳೂ ಅಲ್ಲಿವೆ. ಯಾವ ಪದ ಕಾವ್ಯದ್ದು, ಯಾವುದು ಮಾತಿನದ್ದು ಎಂಬ ಅಂದಾಜು ಸಿಗುತ್ತದೆ.

ಪ್ರಬಂಧದ ವಿಷಯವಾಗಿರುವ ಪದವನ್ನು ಮಾತ್ರ ಬದಲಿಸಬೇಡಿ. ಒಂದು ಸಾಲಿನಲ್ಲಿ ಮರ, ಮುಂದಿನದರಲ್ಲಿ ವೃಕ್ಷ, ಆಮೇಲೆ ತರು ಎಂದರೆ ಗೊಂದಲವೇ ಜಾಸ್ತಿ. ಮರ ಮರವಾಗಿಯೇ ಇರಲಿ. ಅದರ ತೊಗಟೆ, ಚಿಗುರು, ಬಿಳಲು, ಪೊಟರೆ ಬರಲಿ. ಹೊಸ ಪದಗಳು ತಾವಾಗಿಯೇ ಬರುತ್ತವೆ.

ಬರೆದು ಮುಗಿದ ಮೇಲೆ ಗಟ್ಟಿಯಾಗಿ ಓದಿ. ಹೊಸ ಪದದ ಹತ್ತಿರ ನಾಲಿಗೆ ತಡವರಿಸಿದರೆ ಹಳೆಯದನ್ನೇ ವಾಪಸ್ ಹಾಕಿ.