‘ಎಚಾರ್’ಗೆ ನಾನು ‘ಹಾಕು’ ಹಾಕಿದ ಕಥೆ

ಮ್ಯಾಡ್ರಿಡ್‌ಗೆ ಬಂದ ಮೊದಲ ವರ್ಷ ಸ್ಪ್ಯಾನಿಷ್ ಟ್ಯೂಷನ್‌ಗೇ ಹೆಚ್ಚುಕಡಿಮೆ 900 ಯೂರೋ ಸುರಿದೆ. ಆದರೂ ‘ಎಚಾರ್’ ಅನ್ನೋ ಒಂದು ಕ್ರಿಯಾಪದ ತಲೆಗೆ ಹತ್ತಲಿಲ್ಲ. ಇಂಗ್ಲಿಷ್ ಅರ್ಥಗಳ ಪಟ್ಟಿಯಲ್ಲಿ ಎಸೆ, ಸುರಿ, ಹೊರಗೆ ದಬ್ಬು ಅಂತ ಇಪ್ಪತ್ತಕ್ಕೂ ಜಾಸ್ತಿ ಇದ್ದವು. ಉರು ಹೊಡೆದೆ, ವಾರದೊಳಗೆ ಮರೆತೆ.

ದಾರಿ ಸಿಕ್ಕಿದ್ದು ಪೆಟ್ರೋಲ್ ಬಂಕಿನಲ್ಲಿ. ಮುಂದಿದ್ದವನು ‘ಎಚಾರ್ ಗಸೋಲಿನಾ’ ಅಂದ. ಅರೆ, ನಾವೂ ಪೆಟ್ರೋಲ್ ಹಾಕಿಸೋದೇ ಅಲ್ವಾ! ಮನೆಗೆ ಬಂದವನೇ ಕನ್ನಡದಲ್ಲಿ ‘ಹಾಕು’ ಬರುವ ಮಾತುಗಳನ್ನೆಲ್ಲ ಚೀಟಿಗಳಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿದೆ. ಅರವತ್ತರ ಹತ್ತಿರ ಆದವು. ರೂಮ್‌ಮೇಟ್ ನಕ್ಕ. ಟೀಚರ್ ಅಂತೂ ‘ನಿಮ್ಮ ಭಾಷೆ ಬದಿಗಿಟ್ಟು ಕಲೀರಿ’ ಎಂದರು.

ಕೇಳಿ. ಸಾರಿಗೆ ಉಪ್ಪು ಹಾಕೋದು ‘ಎಚಾರ್ ಸಾಲ್’. ಬಾಗಿಲಿಗೆ ಬೀಗ ಹಾಕೋದು ‘ಎಚಾರ್ ಲಾ ಯಾವೆ’. ಲೆಕ್ಕ ಹಾಕೋದು ‘ಎಚಾರ್ ಕ್ವೆಂತಾಸ್’. ಯಾವುದರ ಮೇಲಾದರೂ ಕಣ್ಣು ಹಾಕಿದರೆ ‘ಎಚಾರ್ ಎಲ್ ಓಹೊ’. ಟಿವಿಯಲ್ಲಿ ಏನು ಹಾಕಿದ್ದಾರೆ? ‘ಕೆ ಎಚಾನ್ ಎನ್ ಲಾ ತೆಲೆ?’ ಇದು ಕೂತ ದಿನ ಅಡುಗೆಮನೆಯಲ್ಲಿ ಒಬ್ಬನೇ ಕುಣಿದೆ.

60ರಲ್ಲಿ ಒಂದು 25 ನೇರ ಕೂತಿರಬಹುದು. ಅಂಗಿ ಹಾಕು, ಫ್ಯಾನ್ ಹಾಕು, ಹಾಡು ಹಾಕು ಮೂರೂ ಕೈಕೊಟ್ಟವು, ಅವು ‘ಪೊನೆರ್’ (ಇಡು) ಅನ್ನೋ ಇನ್ನೊಂದು ಕ್ರಿಯಾಪದದ ಪಾಲು. ಬೇರು, ಹೊಗೆ ನಾವು ಬಿಡ್ತೀವಿ, ಅವರು ಅದಕ್ಕೂ ಎಚಾರ್ ಅಂತಾರೆ. ಪಾತ್ರೆಗೆ ಬೀಳೋದಾದರೆ ಕಣ್ಣು ಮುಚ್ಚಿ ಎಚಾರ್ ಬಳಸಿ. ಉಳಿದದ್ದನ್ನು ವಿಂಗಡಿಸೋಕೆ ನನ್ನದೊಂದು ಕುರುಹು ಇದೆ, ಅದು ಸದ್ಯಕ್ಕೆ ನನ್ನ ಹತ್ರವೇ ಇರಲಿ.

ಮಾನ ಹೋಗಿದ್ದು ಕೇರಂ ಆಡುವಾಗ. ಬೋರ್ಡಿಗೆ ಪೌಡರ್ ಹಾಕೋಣ್ವಾ ಅಂತ ‘ಎಚಾಮೊಸ್ ಉನ್ ಪೊಲ್ವೊ?’ ಎಂದು ಕೇಳಿದೆ. ಆಫೀಸಿನ ಐದಾರು ಜನ ಮುಖ ಮುಖ ನೋಡಿಕೊಂಡರು. ಪೊಲ್ವೊ ಅಂದ್ರೆ ಪುಡಿ, ಧೂಳು, ಅದು ಸರಿ. ಇಡೀ ಮಾತಿನ ಅರ್ಥ ಮಾತ್ರ ಮಲಗುವ ಕೋಣೆಯದು! ಪೌಡರ್‌ಗೆ ‘ಪೊಲ್ವೊಸ್ ದೆ ತಾಲ್ಕೊ’ ಅಂತ ಪೂರ್ತಿ ಹೇಳಿ, ಬಚಾವಾಗಿ.

ಇದೇ ಹುಮ್ಮಸ್ಸಿನಲ್ಲಿ ‘ಹೊಡೆ’ಗೆ ‘ಪೆಗಾರ್’ ಜೋಡಿಸಿ ನೋಡಿದೆ. ಗುಂಡು ಹೊಡೆಯೋದು ‘ಪೆಗಾರ್ ಉನ್ ತಿರೊ’, ಚೆನ್ನಾಗಿ ಕೂತಿತು. ಆದರೆ ಪೆಗಾರ್‌ಗೆ ಅಂಟಿಸು ಅಂತಲೂ ಅರ್ಥ. ಎರಡು ವಾರ ಒದ್ದಾಡಿ ಕೈಬಿಟ್ಟೆ.

‘ತೆ ಎಚೊ ದೆ ಮೆನೊಸ್’, ಅಂದರೆ ನೀನಿಲ್ಲದೆ ಬೇಜಾರು, ಯಾವ ಚೀಟಿಗೂ ಸಿಗಲಿಲ್ಲ. ಅದನ್ನು ಸುಮ್ನೆ ಬಾಯಿಪಾಠ ಮಾಡಿದೆ.

ಕಳೆದ ತಿಂಗಳು ಅದೇ ಟೀಚರ್ ಚೀಟಿಗಳ ಫೋಟೊ ಕೇಳಿದರು. ಅರ್ಧ ಕಳಿಸಿದೆ.