ಪಿನಾಂಗ್‌ಗೆ ಹೊರಟಿರಾ? ಮೊದಲು ಊಟ ಗೊತ್ತುಮಾಡಿ, ಆಮೇಲೆ ಕೋಣೆ

ಪ್ರವಾಸ ಹೊರಡುವಾಗ ನಾವೆಲ್ಲ ಮೊದಲು ಕೋಣೆ ಕಾದಿರಿಸುತ್ತೇವೆ, ಊಟ ಅಲ್ಲಿ ಹೋದಮೇಲೆ ನೋಡಿಕೊಂಡರಾಯಿತು ಅನ್ನುತ್ತೇವೆ. ಮಲೇಷ್ಯಾದ ಪಿನಾಂಗ್ ದ್ವೀಪದ ಜಾರ್ಜ್ ಟೌನ್‌ನಲ್ಲಿ ಈ ಕ್ರಮವನ್ನು ತಿರುಗಿಸಬೇಕು. ಈ ಊರಿನ ರುಚಿ ಇರುವುದು ಬೀದಿಬದಿಯ ಗಾಡಿಗಳಲ್ಲಿ, ಒಂದೊಂದು ಗಾಡಿಗೂ ಅದರದೇ ಹೊತ್ತು. ಬೆಳಿಗ್ಗೆ ರೊಟ್ಟಿ ಬೇಯಿಸುತ್ತಿದ್ದ ಮೂಲೆ ಮಧ್ಯಾಹ್ನ ಖಾಲಿ. ರಾತ್ರಿ ಅಲ್ಲೇ ಇನ್ಯಾರೋ ನೂಡಲ್ಸ್ ಹುರಿಯುತ್ತಿರುತ್ತಾರೆ. ಹಸಿವಾದ ಹೊತ್ತಿಗೆ ನಡೆದು ಹೋಗುವಷ್ಟು ಹತ್ತಿರ ಉಳಿದುಕೊಂಡವರಿಗೆ ಮಾತ್ರ ಇದೆಲ್ಲ ದಕ್ಕುತ್ತದೆ.

ಹಂತ 1: ಯಾರು ಏನು ತಿನ್ನುತ್ತಾರೆ, ಬರೆದುಕೊಳ್ಳಿ

ಗುಂಪಿನಲ್ಲಿ ಶುದ್ಧ ಸಸ್ಯಾಹಾರಿಗಳಿದ್ದಾರೆಯೇ? ಮೊಟ್ಟೆ ಆಗುತ್ತದೆಯೇ? ಹಂದಿಮಾಂಸ, ದನದ ಮಾಂಸ ಬೇಡವೇ? ರಾತ್ರಿ ಹತ್ತರ ಮೇಲೂ ತಿರುಗಾಡುವವರು ಎಷ್ಟು ಮಂದಿ, ಬೆಳಿಗ್ಗೆ ಆರಕ್ಕೆ ಕಾಫಿ ಬೇಕೆನ್ನುವವರು ಎಷ್ಟು ಮಂದಿ? ನಾವು ಅಮ್ಮನನ್ನು ಕರೆದುಕೊಂಡು ಹೋಗುವಾಗ ಹೀಗೆ ಬರೆದುಕೊಂಡಿರಲಿಲ್ಲ. ಮೊದಲ ಎರಡು ದಿನ ಅವರು ಬಾಳೆಹಣ್ಣು ಬಿಸ್ಕತ್ತಿನಲ್ಲೇ ಕಳೆದರು. ಅವರಿಗೆ ಬೇಕಾದ ಊಟ ಅರ್ಧ ಕಿಲೋಮೀಟರ್ ದೂರದಲ್ಲೇ ಇತ್ತು ಎಂಬುದು ಮೂರನೆಯ ದಿನ ತಿಳಿಯಿತು. ಆ ಸಂಕಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಹಂತ 2: ಬೀದಿ ಆರಿಸಿ

ವಿಳಾಸಗಳಲ್ಲಿ ಬರುವ ‘ಲೆಬುಹ್’ ಅಂದರೆ ಬೀದಿ, ‘ಜಾಲನ್’ ರಸ್ತೆ, ‘ಲೋರೊಂಗ್’ ಓಣಿ.

ಸಸ್ಯಾಹಾರಿಗಳಿದ್ದರೆ ಲಿಟಲ್ ಇಂಡಿಯಾದ ಹತ್ತಿರ ಕೋಣೆ ಹಿಡಿಯಿರಿ: ಲೆಬುಹ್ ಪಸಾರ್, ಲೆಬುಹ್ ಕ್ವೀನ್, ಲೆಬುಹ್ ಪಿನಾಂಗ್. ಕ್ವೀನ್ ಬೀದಿಯಲ್ಲಿ 1833ರ ಶ್ರೀ ಮಹಾಮಾರಿಯಮ್ಮನ್ ದೇವಸ್ಥಾನವಿದೆ. ಸುತ್ತಲಿನ ಸಸ್ಯಾಹಾರಿ ಹೋಟೆಲುಗಳಲ್ಲಿ ಇಡ್ಲಿ, ದೋಸೆ, ಬಾಳೆಲೆ ಊಟ ಸಿಗುತ್ತವೆ, ಹರಕು ಮುರುಕು ತಮಿಳು ಬಂದರೂ ಕೆಲಸ ನಡೆಯುತ್ತದೆ. ಹಗಲಿಡೀ ಅಂಗಡಿಗಳ ಹಾಡಿನ ಅಬ್ಬರ ಇರುತ್ತದೆ, ರಾತ್ರಿ ತಣ್ಣಗಾಗುತ್ತದೆ.

ಎಲ್ಲವನ್ನೂ ತಿನ್ನುವವರಿಗೆ ಲೆಬುಹ್ ಚೂಲಿಯಾ, ಲೆಬುಹ್ ಕಿಂಬರ್ಲಿ ಕಡೆ ಒಳ್ಳೆಯದು, ಸಂಜೆಯ ಗಾಡಿಗಳು ಅಲ್ಲೇ ಸಾಲುಗಟ್ಟುತ್ತವೆ. ಪಕ್ಕದ ಲವ್ ಲೇನ್‌ನಲ್ಲಿ ಅಗ್ಗದ ಹಾಸ್ಟೆಲುಗಳಿವೆ, ತಡರಾತ್ರಿಯವರೆಗೆ ಬಾರ್‌ಗಳ ಗದ್ದಲವೂ ಇದೆ. ವಯಸ್ಸಾದವರಿಗೆ ಲಿಫ್ಟ್ ಬೇಕೆಂದರೆ ಜಾಲನ್ ಪಿನಾಂಗ್, ಕೋಮ್ತಾರ್ ಗೋಪುರದ ಸುತ್ತಲಿನ ಎತ್ತರದ ಹೋಟೆಲುಗಳೇ ವಾಸಿ. ಸಮುದ್ರದ ಮರಳು ಬೇಕೆನ್ನುವವರು ಬಾಟು ಫೆರಿಂಗಿಗೆ ಹೋಗುತ್ತಾರೆ. ಆದರೆ ಅಲ್ಲಿಂದ ಪ್ರತಿ ಊಟಕ್ಕೂ ಪೇಟೆಗೆ ಬಂದುಹೋಗುವುದು ಆಗದ ಮಾತು. ಕೈತುಂಬ ಖರ್ಚು ಮಾಡುವವರಿಗೆ 1885ರಲ್ಲಿ ಸಾರ್ಕೀಸ್ ಸಹೋದರರು ಶುರುಮಾಡಿದ ಈಸ್ಟರ್ನ್ ಅಂಡ್ ಓರಿಯಂಟಲ್ ಹೋಟೆಲ್ ಕಡಲಂಚಿನಲ್ಲೇ ಇದೆ.

ಹಂತ 3: ಕೋಣೆಯನ್ನು ವಿಚಾರಿಸಿ ಹಿಡಿಯಿರಿ

ಯುನೆಸ್ಕೊ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಹಳೇ ಪೇಟೆಯಲ್ಲಿ ಹೆಚ್ಚಿನ ವಸತಿಗಳು ಹಿಂದೆ ಅಂಗಡಿ-ಮನೆಗಳಾಗಿದ್ದವು: ಕೆಳಗೆ ವ್ಯಾಪಾರ, ಮೇಲೆ ಸಂಸಾರ. ಮುಂಭಾಗ ಕಿರಿದು, ಒಳಗೆ ಉದ್ದಕ್ಕೆ ಹೋಗುತ್ತದೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ನಮ್ಮ ತೊಟ್ಟಿ ಮನೆಯ ಹಾಗೆಯೇ. ರಸ್ತೆಯ ಕಡೆ ನೆರಳಿನ ‘ಕಾಕಿ ಲಿಮಾ’ ಜಗಲಿ, ಅಂದರೆ ಐದಡಿ ಹಾದಿ. ನೋಡಲು ಬಲು ಸೊಗಸು. ಆದರೆ ಈ ವಿನ್ಯಾಸದಿಂದಾಗಿಯೇ ನಡುಭಾಗದ ಎಷ್ಟೋ ಕೋಣೆಗಳಿಗೆ ಕಿಟಕಿಯೇ ಇರುವುದಿಲ್ಲ. ಕಾದಿರಿಸುವ ಮೊದಲು ಕೇಳಿ: ಕಿಟಕಿ ಇದೆಯೇ? ಅದು ಬೀದಿಗೋ ಅಂಗಳಕ್ಕೋ? ಮರದ ಮೆಟ್ಟಿಲು ಎಷ್ಟು ಕಡಿದು? ಬಚ್ಚಲು ಒಳಗೇ ಇದೆಯೇ? ಅಂಗಳಕ್ಕೆ ತೆರೆದ ಕೋಣೆ ಸಿಕ್ಕರೆ ಅದನ್ನೇ ಹಿಡಿಯಿರಿ, ಗಾಳಿಯೂ ಬರುತ್ತದೆ, ನಿದ್ದೆಯೂ ಬರುತ್ತದೆ. ಬಾಡಿಗೆಯ ಜೊತೆಗೆ ವಿದೇಶಿಯರು ಕೋಣೆಗೆ ದಿನಕ್ಕೆ 10 ರಿಂಗಿಟ್ ಪ್ರವಾಸಿ ತೆರಿಗೆ ಕೊಡಬೇಕು.

ಹಂತ 4: ತಲುಪುವುದು

ಕ್ವಾಲಾಲಂಪುರದಿಂದ ವಿಮಾನವಿದೆ. ಇಲ್ಲವಾದರೆ ಬಟರ್‌ವರ್ತ್‌ವರೆಗೆ ರೈಲಿನಲ್ಲಿ ಬಂದು ಫೆರಿಯಲ್ಲಿ ದಾಟಿ. ಕಡಲಿನಿಂದ ಊರನ್ನು ಮೊದಲ ಸಲ ನೋಡುವುದೇ ಒಂದು ಸುಖ. ವಿಮಾನ ನಿಲ್ದಾಣದಿಂದ ಪೇಟೆಗೆ 401ನೇ ಬಸ್ಸು ಬರುತ್ತದೆ. ಪೇಟೆಯೊಳಗೆ ಕ್ಯಾಟ್ ಬಸ್ಸು ಉಚಿತ. ಮಲೇಷ್ಯಾ ತಲುಪುವ ಮುನ್ನಿನ ಮೂರು ದಿನಗಳೊಳಗೆ ಮಲೇಷ್ಯಾದ ಡಿಜಿಟಲ್ ಅರೈವಲ್ ಕಾರ್ಡ್ ತುಂಬುವುದನ್ನು ಮರೆಯಬೇಡಿ.

ಹಂತ 5: ಹೊತ್ತು ನೋಡಿ ತಿನ್ನಿ

ಬೆಳಿಗ್ಗೆ ಕೋಪಿತಿಯಾಮ್‌ಗೆ, ಎಂದರೆ ಚೀನೀ ಕಾಫಿ ಅಂಗಡಿಗೆ ಹೋಗಿ. ಬರೀ ‘ಕೋಪಿ’ ಅಂದರೆ ಕಂಡೆನ್ಸ್ಡ್ ಹಾಲಿನ ಸಿಹಿ ಕಾಫಿ. ‘ಕೋಪಿ ಓ’ ಹಾಲಿಲ್ಲದ್ದು, ಅದಕ್ಕೆ ‘ಕೊಸೊಂಗ್’ ಸೇರಿಸಿದರೆ ಸಕ್ಕರೆಯೂ ಇಲ್ಲ. ಜಾಲನ್ ಟ್ರಾನ್ಸ್‌ಫರ್‌ನಲ್ಲಿ ರೊಟಿ ಚನಾಯ್, ಅಂದರೆ ಪದರ ಪದರದ ಪರೋಟ, ಬಿಸಿಬಿಸಿ ಸಿಗುತ್ತದೆ. ಎಲ್ಲಾದರೂ ಪುಟು ಮಾಯಮ್ ಕಂಡರೆ ಬಿಡಬೇಡಿ. ಅದು ನಮ್ಮ ಒತ್ತುಶಾವಿಗೆಯೇ, ಜೊತೆಗೆ ಕಾಯಿತುರಿ, ಬೆಲ್ಲ.

ಮಧ್ಯಾಹ್ನಕ್ಕೆ ನಾಸಿ ಕಂದಾರ್. ತಮಿಳು ಮುಸ್ಲಿಮರು ಹಿಂದೆ ಅಡ್ಡೆಯ ಎರಡು ತುದಿಗೆ ಅನ್ನ, ಸಾರು ತೂಗುಹಾಕಿ ಹೆಗಲಮೇಲೆ ಹೊತ್ತು ಮಾರುತ್ತಿದ್ದರು. ಆ ಅಡ್ಡೆಯೇ ಕಂದಾರ್. ಲೆಬುಹ್ ಕ್ಯಾಂಬೆಲ್‌ನ ಹಮೀದಿಯಾ 1907ರಿಂದ ನಡೆಯುತ್ತಿದೆ. ಬೇಕಾದ ಪಲ್ಯ, ಮಾಂಸಗಳನ್ನು ಬೆರಳು ತೋರಿಸಿ ಹೇಳಬೇಕು. ‘ಬಂಜಿರ್’ ಅಂದರೆ ಪ್ರವಾಹ: ಎಲ್ಲ ಸಾರುಗಳನ್ನೂ ಬೆರೆಸಿ ಅನ್ನ ಮುಳುಗಿಸುತ್ತಾರೆ. ದೊಡ್ಡ ಸಿಗಡಿಯ ದರ ಮೊದಲೇ ಕೇಳಿಕೊಳ್ಳಿ.

ನಮ್ಮ ಕರಾವಳಿಯವರು ಆಸಮ್ ಲಕ್ಸಾ, ಅಂದರೆ ಮೀನಿನ ಹುಳಿಸಾರಿನ ನೂಡಲ್ಸ್, ಉಣ್ಣದೆ ಬರಬಾರದು ಎಂಬುದು ನನ್ನ ಒತ್ತಾಯ. ಅದರ ಮೀನು ಬಂಗುಡೆಯೇ. ಹುಳಿಗೆ ಹುಣಸೆ, ಜೊತೆಗೆ ನಮ್ಮ ಉಪ್ಪಾಗೆಯ ಬಳಗದ ಒಂದು ಕಾಯಿಯ ಒಣ ಹೋಳು. ಇವು ಗೊತ್ತಿರುವ ನಾಲಿಗೆಗೆ ಶುಂಠಿ ಜಾತಿಯ ‘ಬುಂಗ ಕಂತಾನ್’ ಹೂವಿನ ಘಮವಷ್ಟೇ ಹೊಸದು.

ಸಂಜೆ ಗಾಡಿಗಳ ಸಾಲಿಗೆ ಹೋದಾಗ ಮೊದಲು ಮೇಜು ಹಿಡಿದು ಅದರ ಸಂಖ್ಯೆ ನೋಡಿಕೊಳ್ಳಿ. ಬೇಕಾದ ಗಾಡಿಗಳಿಗೆ ಹೋಗಿ ಹೇಳಿ ಬನ್ನಿ, ತಂದಿಟ್ಟಾಗ ದುಡ್ಡು ಕೊಡಿ. ಕುಡಿಯುವುದಕ್ಕೆ ಬೇರೆಯವರು ಬಂದು ಕೇಳುತ್ತಾರೆ, ಏನಾದರೂ ಹೇಳುವುದು ಮರ್ಯಾದೆ. ಚಾರ್ ಕ್ವೇ ತಿಯಾವ್ ಎಂಬ ಹುರಿದ ಅಕ್ಕಿ ನೂಡಲ್ಸ್‌ನಲ್ಲಿ ಸಿಗಡಿ, ಮರುವಾಯಿ ಇರುತ್ತವೆ. ಎಷ್ಟೋ ಕಡೆ ಅದನ್ನು ಹುರಿಯುವುದು ಹಂದಿಯ ಕೊಬ್ಬಿನಲ್ಲಿ.

ಹಂತ 6: ಸಸ್ಯಾಹಾರಿಗಳು ಈ ಮಾತು ಕಲಿಯಿರಿ

‘ವೆಜಿಟೇರಿಯನ್’ ಅಂದರೆ ಸಾಲದು. ಮಲಯ ಭಾಷೆಯ ‘ದಾಗಿಂಗ್’ ಮಾಂಸ ಹೌದು, ಆದರೆ ಬಹಳಷ್ಟು ಮಂದಿ ದನದ ಮಾಂಸವೆಂದೇ ತಿಳಿದು ಕೋಳಿ ಹಾಕಿಬಿಡುತ್ತಾರೆ. ಹೀಗೆ ಬಿಡಿಸಿ ಹೇಳಿ: ‘ಸಾಯಾ ತಾಕ್ ಮಾಕನ್ ದಾಗಿಂಗ್, ಆಯಮ್, ಇಕಾನ್, ಉದಾಂಗ್, ತೆಲುರ್.’ ನಾನು ಮಾಂಸ, ಕೋಳಿ, ಮೀನು, ಸಿಗಡಿ, ಮೊಟ್ಟೆ ತಿನ್ನುವುದಿಲ್ಲ ಎಂದರ್ಥ. ‘ಬೆಲಾಚಾನ್’ ಬೇಡವೆಂದೂ ಸೇರಿಸಿ. ಸಿಗಡಿ ಕೊಳೆಸಿ ಮಾಡಿದ ಈ ಮುದ್ದೆ ಸಾಂಬಾಲ್ ಎಂಬ ಮೆಣಸಿನ ಚಟ್ನಿಯಲ್ಲಿ, ಸೊಪ್ಪಿನ ಪಲ್ಯದಲ್ಲಿ ಕಣ್ಣಿಗೆ ಕಾಣದಂತೆ ಕರಗಿರುತ್ತದೆ. ರೊಟಿ ಚನಾಯ್ ಜೊತೆ ‘ದಾಲ್ ಸಹಜಾ’ ಎನ್ನಿ. ನಮ್ಮ ‘ಸಹಜ’ ಅಲ್ಲಿಗೆ ಹೋಗಿ ‘ಮಾತ್ರ’ ಎಂಬ ಅರ್ಥ ಪಡೆದಿದೆ. ಹಾಗೆ ಹೇಳದಿದ್ದರೆ ಮೇಲೆ ಕೋಳಿಸಾರು ಬೀಳಬಹುದು.

ಚೀನೀಯರ ಸಸ್ಯಾಹಾರಿ ಅಂಗಡಿಗಳನ್ನು ಕಡೆಗಣಿಸಬೇಡಿ. 素 ಅಥವಾ 斋 ಎಂಬ ಅಕ್ಷರದ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡು ಫಲಕಗಳಲ್ಲಿ ಹುಡುಕಿ. ಬೌದ್ಧ ಸಂಪ್ರದಾಯ ಪಾಲಿಸುವ ಕಡೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಅಮ್ಮ ಮೂರನೆಯ ದಿನ ಹೊಟ್ಟೆತುಂಬ ಉಂಡದ್ದು ಅಂಥ ಒಂದು ಅಂಗಡಿಯಲ್ಲಿ: ಅನ್ನ, ತೋಫು, ಬೆಂಡೆಕಾಯಿ, ಕುಂಬಳ. ಚೀನೀ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ, ಸಾಮಾನ್ಯವಾಗಿ ನಮ್ಮ ನವರಾತ್ರಿಯ ಹೊತ್ತಿಗೆ, ಒಂಬತ್ತು ಚಕ್ರವರ್ತಿ ದೇವರ ವ್ರತ ನಡೆಯುತ್ತದೆ. ಆಗ ಹಳದಿ ಬಾವುಟ ಕಟ್ಟಿದ ಸಸ್ಯಾಹಾರಿ ಗಾಡಿಗಳು ಬೀದಿ ತುಂಬ ಏಳುತ್ತವೆ. ರಜೆ ಹೊಂದಿಸಿಕೊಳ್ಳಬಲ್ಲ ಸಸ್ಯಾಹಾರಿ ಕುಟುಂಬಗಳು ಆ ದಿನಗಳನ್ನೇ ಆರಿಸಿಕೊಳ್ಳಿ.